ಒಮ್ಮೆ ಹೇಳಿದ ನೋವು

ನಮ್ಮ ಊರಿನಲ್ಲಿ ಒಂದು ನೋವನ್ನು ಒಂದೇ ಸಲ ಹೇಳಬಹುದು. ಹೇಳಿದ ಮೇಲೆ ನೋವು ಉಳಿಯುತ್ತದೆ, ಅದರ ಮಾತು ಉಳಿಯುವುದಿಲ್ಲ. ನಾಲಿಗೆ ಅದರ ಹತ್ತಿರದವರೆಗೆ ಹೋಗಿ ಬೇರೆ ಯಾವುದೋ ಮಾತನ್ನು ಎತ್ತಿಕೊಂಡು ಹಿಂತಿರುಗುತ್ತದೆ. ತೋರಿಸಲೆಂದು ಎದ್ದ ಬೆರಳು ನಡುದಾರಿಯಲ್ಲಿ ಮರೆತು, ಸೆರಗನ್ನೋ ಕನ್ನಡಕವನ್ನೋ ಸರಿಪಡಿಸಿ ಕೆಳಗಿಳಿಯುತ್ತದೆ. ಬರೆಯಲು ಕೂತರೂ ಅಷ್ಟೇ. ಹೌದೋ ಅಲ್ಲವೋ ಎಂದು ತಲೆಯಾಡಿಸುವುದೂ ಆಗುವುದಿಲ್ಲ. ವರ್ಗವಾಗಿ ಬಂದ ನೌಕರರು ಮೊದಮೊದಲು ಹೌಹಾರುತ್ತಾರೆ. ಕೆಲವು ಕಾಲದ ಮೇಲೆ ಅವರೂ ನಮ್ಮಂತೆಯೇ, ಹೇಳಲು ತಕ್ಕವರು ಸಿಗುವ ತನಕ ಹಲ್ಲು ಕಚ್ಚಿಕೊಂಡು ಓಡಾಡುವುದನ್ನು ಕಲಿಯುತ್ತಾರೆ.

ಆದ್ದರಿಂದ ಇಲ್ಲಿ ಪ್ರತಿಯೊಬ್ಬರಿಗೂ ಒಂದು ‘ಕಿವಿ’ ಇರುತ್ತದೆ. ನೋವನ್ನು ಮೊದಲು ಕೇಳಿಸಿಕೊಂಡು, ಆಮೇಲೆ ಡಾಕ್ಟರ ಎದುರು ನಮ್ಮ ಪರವಾಗಿ ಹೇಳುವ ಮನುಷ್ಯನನ್ನು ನಾವು ಹಾಗೆ ಕರೆಯುತ್ತೇವೆ. ಕೇಳಿಸಿಕೊಂಡವನು ಎಷ್ಟು ಸಲ ಬೇಕಾದರೂ ಹೇಳಬಹುದು, ತಡೆ ಇರುವುದು ನೋವಿನ ಒಡೆಯನಿಗೆ ಮಾತ್ರ. ಮದುವೆಯ ಮಾತುಕತೆಯಲ್ಲಿ ಹುಡುಗನ ಸಂಬಳವನ್ನು ಕೇಳುವ ಮೊದಲು ಅವನಿಗೆ ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಇದೆಯೇ ಎಂದು ವಿಚಾರಿಸುತ್ತಾರೆ. ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಜನ ಜೋಡಿಯಾಗಿಯೇ ಕೂತಿರುತ್ತಾರೆ. ‘ನನ್ನ ಕಿವಿ ಬಸ್ಸು ತಪ್ಪಿಸ್ಕೊಂಡಿದಾನೆ, ಮುಂದಿನವರನ್ನ ಕರೀರಿ’ ಎಂದು ಯಾರಾದರೂ ಕೂಗುವುದು ಅಲ್ಲಿ ದಿನನಿತ್ಯದ ಮಾತು. ನಮ್ಮ ಓಣಿಯ ಬಸಲಿಂಗಪ್ಪ ಒಮ್ಮೆ ಹಲ್ಲುನೋವು ತಾಳಲಾರದೆ ಬಸ್ಸಿನ ಕಂಡಕ್ಟರನಿಗೆ ಹೇಳಿಬಿಟ್ಟು, ಆ ಕಂಡಕ್ಟರನನ್ನು ಹುಡುಕಿಕೊಂಡು ಡಿಪೋದಿಂದ ಡಿಪೋಗೆ ಅಲೆದದ್ದನ್ನು ಜನ ಇಂದಿಗೂ ನೆನೆದು ನಗುತ್ತಾರೆ.

ನನ್ನ ಹೆಂಡತಿ ಮಂದಾಕಿನಿಗೆ ನಾನು ಕಿವಿ, ನನಗೆ ಅವಳು. ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಕಣ್ಣು ಮಂಜಾದ ಮೇಲೆ ಆ ಕೆಲಸ ಬಿಟ್ಟೆ. ತೆಳ್ಳನೆಯ ಕವನಸಂಕಲನಗಳನ್ನು ಓದುವ ಚಟವನ್ನು ಮಾತ್ರ ಬಿಡಲಿಲ್ಲ. ಅದರಿಂದ ಅವಳಿಗೆ ಆಗಾಗ ತೊಂದರೆಯಾಗುತ್ತಿತ್ತು. ಮಂಡಿನೋವನ್ನು ಅವಳು ನನಗೆ ಹೇಳಿದ್ದು ಮೂರು ಮಾತಿನಲ್ಲಿ. ಅದನ್ನು ನಾನು ಡಾಕ್ಟರ್ ಹಾಲಪ್ಪನವರಿಗೆ ಹೇಳುವಾಗ ಮುಚ್ಚಿದ ಕಿಟಕಿ, ಮುಸ್ಸಂಜೆ ಎಲ್ಲ ಬಂದುಬಿಟ್ಟವು.

‘ರಾಯರೇ, ಎಡ ಮಂಡಿಯೋ ಬಲ ಮಂಡಿಯೋ? ಅಷ್ಟು ಹೇಳಿ. ಮುಸ್ಸಂಜೆ ನಾನೇ ನೋಡ್ಕೊಳ್ತೀನಿ’ ಎಂದರು ಡಾಕ್ಟರು. ಮಂದಾಕಿನಿ ಸೆರಗಿನ ಮರೆಯಲ್ಲಿ ನಕ್ಕಳು.

ಹೀಗೆ ನಡೆಯುತ್ತಿದ್ದ ಊರಿಗೆ ಅಂಗಡಿ ಕ್ಲಿನಿಕ್ಕು ಬಂತು. ಪೇಟೆಯ ದೊಡ್ಡ ದಿನಸಿ ಅಂಗಡಿಯವರು ಹಿಂಭಾಗದಲ್ಲಿ, ಸೋಪು ಶಾಂಪೂಗಳ ಸಾಲನ್ನು ದಾಟಿದ ಮೇಲೆ, ಒಂದು ಗಾಜಿನ ಕೋಣೆ ಮಾಡಿ ಅದರಲ್ಲಿ ಒಂದು ಮೆಷಿನ್ನು ತಂದಿಟ್ಟರು. ಚೀಟಿ ಬೇಡ, ಮುಂಚಿತವಾಗಿ ಹೆಸರು ಬರೆಸುವುದು ಬೇಡ, ಬೇಳೆ ಕೊಳ್ಳಲು ಹೋದವರು ಹಾಗೆಯೇ ಒಳಗೆ ಹೋಗಿ ಕೂರಬಹುದು. ಪರದೆಯ ಎದುರು ನೋವನ್ನು ಹೇಳಿದರೆ ಮೆಷಿನ್ನು ಅದನ್ನು ಕೇಳಿ, ತನ್ನೊಳಗೆ ಇಟ್ಟುಕೊಂಡು, ಔಷಧದ ಹೆಸರನ್ನೂ ಒಂದು ಬಣ್ಣವನ್ನೂ ತೋರಿಸುತ್ತಿತ್ತು. ಹಸಿರು ಬಂದರೆ ಔಷಧ ತೆಗೆದುಕೊಂಡು ಮನೆಗೆ ಹೋಗುವುದು. ಹಳದಿಯಾದರೆ ಔಷಧ ಮುಗಿದ ಮೇಲೆ ಮತ್ತೆ ಬರುವುದು. ಕೆಂಪಾದರೆ ನೇರವಾಗಿ ಆಸ್ಪತ್ರೆಗೆ. ಅಲ್ಲಿ ಕೂರುತ್ತಿದ್ದ ಸೆಲೀನಾ ಸಿಸ್ಟರ್‌ಗೆ ಕಾಣುತ್ತಿದ್ದದ್ದು ಔಷಧ ಮತ್ತು ಬಣ್ಣ ಮಾತ್ರ. ಹೇಳಿದ ಮಾತು ಮೆಷಿನ್ನಿನೊಳಗೇ ಇರುತ್ತಿತ್ತು. ಮತ್ತೆ ಹೋಗಿ ಹೆಬ್ಬೆರಳು ಒತ್ತಿದರೆ ಅದು ತಾನು ಕೇಳಿಸಿಕೊಂಡದ್ದನ್ನು ತಾನೇ ಲೆಕ್ಕಕ್ಕೆ ತೆಗೆದುಕೊಂಡು ಮುಂದಿನ ಔಷಧ ಹೇಳುತ್ತಿತ್ತು.

ಅದನ್ನು ನಾನು ಹಳಿಯಲಾರೆ. ಒಂಟಿಯಾಗಿ ಬಾಳುವವರು, ಕಿವಿಯೊಂದಿಗೆ ಮಾತು ಬಿಟ್ಟವರು, ಕಿವಿಯೇ ಕಿವುಡಾದವರು ಎಷ್ಟೋ ಮಂದಿ ವರ್ಷಗಟ್ಟಲೆ ನುಂಗಿಕೊಂಡಿದ್ದ ನೋವನ್ನು ಅಲ್ಲಿ ಇಳಿಸಿ, ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಹಗುರಾಗಿ ಹೊರಬಂದದ್ದನ್ನು ನೋಡಿದ್ದೇನೆ. ಆದರೆ ಮಂದಾಕಿನಿಯೂ ಅಲ್ಲಿಗೆ ಹೋದಳೆಂದು ತಿಳಿದಾಗ ನನಗೆ ನಿದ್ದೆಯಿಂದ ಯಾರೋ ಎಬ್ಬಿಸಿದಂತಾಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಹೊಸ ಔಷಧದ ಬಾಟಲಿ ಇತ್ತು.

‘ನನಗೆ ಹೇಳಬಹುದಿತ್ತಲ್ಲ, ಮಂದಾ.’

‘ನಿಮಗೆ ಹೇಳಿದ್ರೆ ನೀವು ಎದ್ದು ಕೂತ್ಕೋತೀರಿ. ನಾನು ಮಲಗಿದ್ರೂ ನೀವು ನನ್ನ ನೋವನ್ನ ಎತ್ಕೊಂಡು ಹಜಾರದಲ್ಲಿ ಓಡಾಡ್ತಿರ್ತೀರಿ. ಆಮೇಲೆ ಬಂದು ಹೇಗಿದೆ, ಹೇಗಿದೆ ಅಂತ ನನ್ನನ್ನೇ ಎಬ್ಬಿಸ್ತೀರಿ. ಆ ಮೆಷಿನ್ನು ಕೇಳುತ್ತೆ, ಸುಮ್ಮನಿರುತ್ತೆ. ನನಗೂ ವಯಸ್ಸಾಯ್ತು ಕಣ್ರೀ, ನಿಮ್ಮ ಗಾಬರಿಗೆ ಬೇರೆ ಕಷಾಯ ಕಾಯಿಸೋಕಾಗಲ್ಲ.’

‘ಯಾವ ಬಣ್ಣ ಬಂತು?’

‘ಹಳದಿ. ಈ ಬಾಟಲಿ ಮುಗಿದ ಮೇಲೆ ಬಾ ಅಂದಿದೆ. ಹೋಗ್ತೀನಿ ಬಿಡಿ.’

ಬಾಟಲಿ ಮುಗಿಯುವಷ್ಟರಲ್ಲಿ ಅಂಗಡಿ ಕೈ ಬದಲಾಯಿತು. ಹೊಸ ಕಂಪನಿಯವರು ಹೊಸ ಬಣ್ಣ ಹೊಡೆಸಿ, ಹೊಸ ಸಮವಸ್ತ್ರ ಕೊಟ್ಟು, ಹೊಸ ಮೆಷಿನ್ನು ಇಟ್ಟರು. ನಾವಿಬ್ಬರೂ ಹೋದ ದಿನ ಗಾಜಿನ ಕೋಣೆಯ ಹೊರಗೆ ಬೇಳೆಕಾಳಿನ ಕಪಾಟುಗಳವರೆಗೆ ಸಾಲು ನಿಂತಿತ್ತು. ಒಬ್ಬೊಬ್ಬರೇ ಒಳಗೆ ಹೋಗಿ ಪರದೆಯ ಎದುರು ಕೂರುತ್ತಿದ್ದರು. ‘ದಯವಿಟ್ಟು ನಿಮ್ಮ ತೊಂದರೆಯನ್ನು ಹೇಳಿ’ ಎನ್ನುತ್ತಿತ್ತು ಮೆಷಿನ್ನು, ಬಹಳ ಮೃದುವಾದ ಹೆಣ್ಣು ಧ್ವನಿಯಲ್ಲಿ. ಒಬ್ಬ ಮುದುಕ ಪಕ್ಕದ ಮನೆಯ ನಾಯಿಯ ವಿಷಯ ಹೇಳಿ ಎದ್ದುಬಂದ. ಇನ್ನೊಬ್ಬಾಕೆ ಬಾಯಿ ತೆರೆದು, ಮುಚ್ಚಿ, ತೆರೆದು, ಕಣ್ಣೊರೆಸಿಕೊಂಡು ಬಂದಳು. ಮಂದಾಕಿನಿಯ ಸರದಿ ಬಂದಾಗ ಅವಳು ನೆಟ್ಟಗೆ ಕೂತು, ಪರೀಕ್ಷೆ ಬರೆಯುವವಳಂತೆ ಉಸಿರು ಎಳೆದುಕೊಂಡು, ‘ಈ ಸಲದ ಬೆಂಡೆಕಾಯೆಲ್ಲ ಬಲಿತುಹೋಗಿದೆ’ ಎಂದಳು. ಮತ್ತೊಮ್ಮೆ ಪ್ರಯತ್ನಿಸಿ ಅದನ್ನೇ ಹೇಳಿದಳು. ಮೆಷಿನ್ನು ಅದಕ್ಕೆ ಹಸಿರು ತೋರಿಸಿತು.

ನಾನು ಸೆಲೀನಾ ಸಿಸ್ಟರನ್ನು ಕೇಳಿದೆ, ‘ಹಳೆಯ ಮೆಷಿನ್ನಿಗೆ ಹೇಳಿದ್ದು ಇದರಲ್ಲಿ ಇಲ್ಲವೇನಮ್ಮ?’

‘ಅದರದ್ದು ಇದಕ್ಕೆ ಅರ್ಥ ಆಗಲ್ವಂತೆ ತಾತ. ಆ ಕಂಪನಿಯೇ ಬೇರೆ, ಈ ಕಂಪನಿಯೇ ಬೇರೆ. ಬೆಳಗ್ಗೆಯಿಂದ ಎಲ್ರಿಗೂ ಇದನ್ನೇ ಹೇಳಿ ಹೇಳಿ ಸಾಕಾಗಿದೆ ನನಗೆ.’

‘ಹಳೆಯದು ಎಲ್ಲಿದೆ?’

‘ಲಾರೀಲಿ ಹೋಯ್ತು. ಒಳಗಿರೋದನ್ನ ಪೂರ್ತಿ ಅಳಿಸಿ ಕಳಿಸಿದ್ರು. ಜನರ ಗುಟ್ಟು ಹೊರಗೆ ಹೋಗಬಾರದು ಅಂತ ನಿಯಮ.’ ಅವಳು ಧ್ವನಿ ತಗ್ಗಿಸಿದಳು. ‘ಅಜ್ಜಿಗೆ ಹಳದಿ ಬಂದಿತ್ತು ಅಂತ ನೆನಪಿದೆ ನನಗೆ. ಸ್ವಲ್ಪ ಗಾಢವಾದ ಹಳದಿ. ಸುಮ್ಮನೆ ಕೂರಬೇಡಿ ತಾತ, ಹಾಲಪ್ಪನವರ ಹತ್ರ ಹೋಗಿ.’

ಹೋದೆವು. ಡಾಕ್ಟರ್ ಹಾಲಪ್ಪ ನನ್ನ ಕಡೆ ತಿರುಗಿ, ‘ಹೇಳಿ ರಾಯರೇ’ ಎಂದರು. ನನ್ನ ಬಳಿ ಹೇಳಲು ಏನೂ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಆ ಕುರ್ಚಿಯ ಮೇಲೆ ನಾನು ಬರಿಗೈಯಲ್ಲಿ ಕೂತದ್ದು ಅದೇ ಮೊದಲು. ಅವರು ಹೊಟ್ಟೆ ಒತ್ತಿದರು, ಬೆನ್ನು ತಟ್ಟಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಹೇಳಿಯಾದ ನೋವು ಒತ್ತಿದರೂ ಮಿಸುಕುವುದಿಲ್ಲ ಎಂಬುದು ಅವರಿಗೂ ಗೊತ್ತು. ರಕ್ತ ಪರೀಕ್ಷೆ ಮಾಡಿಸಿದರು, ಎಕ್ಸ್-ರೇ ತೆಗೆಸಿದರು, ಮಲಗಿಸಿ ಇಸಿಜಿ ತೆಗೆದರು. ಎಲ್ಲವೂ ಅವಳ ವಯಸ್ಸಿಗೆ ತಕ್ಕಂತೆ ಇದ್ದವು. ಖಾಲಿ ಬಾಟಲಿಯ ಮೇಲಿನ ಹೆಸರು ಓದಿ, ಇದು ಯಾವ ನೋವಿಗೂ ಕೊಡುವ ಔಷಧ ಎಂದರು.

‘ಅಡಿಯಿಂದ ಮುಡಿಯವರೆಗೆ ಹುಡುಕೋ ಸಾಮಾನು ನನ್ನ ಹತ್ರ ಇಲ್ಲ. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ರೆ ಏನಂತ ಬರೀಲಿ? ಏನೋ ಇದೆ, ಎಲ್ಲೋ ಇದೆ ಅಂತಲೇ?’ ಅವರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. ಆ ತಿಂಗಳು ಅವರ ಬಳಿಗೆ ಇಂಥವರೇ ಬರುತ್ತಿದ್ದರು. ‘ಎಲ್ಲಿ, ಯಾವಾಗ ಅನ್ನೋ ಒಂದು ಸುಳಿವಾದ್ರೂ ಬೇಕು ರಾಯರೇ. ಇಬ್ಬರೂ ಒಂದೇ ಮನೇಲಿದ್ದೀರಲ್ಲ?’

ಮನೆಗೆ ಬರುವ ದಾರಿಯುದ್ದಕ್ಕೂ ಆ ಕೊನೆಯ ಮಾತು ನನ್ನ ಜೊತೆ ಬಂತು.

ಅಂದಿನಿಂದ ನಾನು ಅವಳನ್ನು ನೋಡತೊಡಗಿದೆ. ಇಷ್ಟು ದಿನ ನೋಡಿರಲಿಲ್ಲವೇ ಎಂದರೆ, ಇಲ್ಲವೆಂದೇ ಹೇಳಬೇಕು. ಹಳೆಯ ಸಂಸಾರದಲ್ಲಿ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತೇವೆ, ನೋಡುವುದು ಯಾವಾಗಲೋ ನಿಂತುಹೋಗಿರುತ್ತದೆ. ಅವಳು ಹಿಟ್ಟು ಕಲಸುವಾಗ, ತಲೆ ಬಾಚುವಾಗ, ಬಟ್ಟೆ ಮಡಚುವಾಗ ನಾನು ಪುಸ್ತಕದ ಮೇಲಂಚಿನಿಂದ ನೋಡುತ್ತಿದ್ದೆ. ಅದು ಆಯಾಸದ ಕೆಲಸ. ಎಲ್ಲವೂ ಲಕ್ಷಣದಂತೆ ಕಾಣಿಸಿ, ಮರುದಿನ ಏನೂ ಅಲ್ಲವೆಂದು ತಿಳಿಯುತ್ತಿತ್ತು. ಸೊಂಟಕ್ಕೆ ಕೈಕೊಟ್ಟು ನಿಂತಳೆಂದು ಬೆಚ್ಚಿದರೆ, ಅವಳು ಗೋಡೆಯ ಮೇಲಿನ ಜೇಡವನ್ನು ದಿಟ್ಟಿಸುತ್ತಿರುತ್ತಿದ್ದಳು.

‘ಏನ್ರೀ ಅದು ಹಾಗೆ ನೋಡ್ತೀರಿ, ನನ್ನ ಮುಖದಲ್ಲಿ ಕಾಗುಣಿತ ತಪ್ಪಿದೆಯಾ?’

‘ಏನೂ ಇಲ್ಲ, ಓದ್ತಿದ್ದೆ.’

‘ಪುಸ್ತಕ ತಲೆಕೆಳಗಾಗಿದೆ.’

ತಲೆಕೆಳಗಾಗಿರಲಿಲ್ಲ. ಆದರೆ ನಾನು ಬೆದರಿ ಒಮ್ಮೆ ನೋಡಿದೆ, ಅವಳಿಗೆ ಅಷ್ಟೇ ಬೇಕಿತ್ತು.

ಸಂಜೆ ನಾವು ಕೋಟೆಬೀದಿಯ ಏರು ಹತ್ತಿ ವಾಚನಾಲಯದವರೆಗೆ ಹೋಗಿಬರುವ ವಾಡಿಕೆ. ಆ ಏರಿನಲ್ಲಿ ಒಂದು ಸ್ಟೀಲ್ ಪಾತ್ರೆಯ ಅಂಗಡಿ ಇದೆ. ಮಂದಾಕಿನಿ ಈಗೀಗ ಅದರ ಮುಂದೆ ನಿಲ್ಲುತ್ತಿದ್ದಾಳೆಂದು ಗಮನಕ್ಕೆ ಬಂತು. ಒಂದು ಕ್ಷಣ ನಿಂತು ಮುಂದೆ ಹೋಗುವುದಲ್ಲ, ಹೊರಗೆ ತೂಗುಬಿಟ್ಟ ಊಟದ ಕ್ಯಾರಿಯರುಗಳನ್ನು ನೋಡುತ್ತ, ಬೆಲೆ ಕೇಳದೆ, ಮಾತಾಡದೆ ನಿಲ್ಲುತ್ತಿದ್ದಳು. ಪಾತ್ರೆಪಡಗಗಳ ಮೇಲೆ ಅವಳಿಗೆ ಎಂದೂ ಆಸೆ ಇದ್ದದ್ದಲ್ಲ. ವಯಸ್ಸಾದ ಮೇಲೆ ಬಂದ ಆಸೆ ಇರಬೇಕು, ಬಾಯಿಬಿಟ್ಟು ಕೇಳಲು ಸಂಕೋಚವಿರಬೇಕು ಎಂದುಕೊಂಡೆ. ನೋವಿನ ಚಿಂತೆಯ ನಡುವೆ ಒಂದು ಆಸೆಯನ್ನು ಕಂಡುಹಿಡಿದದ್ದಕ್ಕೆ ನನಗೆ ಖುಷಿಯೂ ಆಯಿತು. ಮರುದಿನ ಒಬ್ಬನೇ ಹೋಗಿ ಅಂತಸ್ತಿನ ಮೇಲೆ ಅಂತಸ್ತಿದ್ದ ಒಂದು ಕ್ಯಾರಿಯರನ್ನು ಕೊಂಡು ತಂದು ಅವಳ ಮುಂದಿಟ್ಟೆ.

‘ಇದ್ಯಾಕೆ?’

‘ದಿನಾ ನಿಂತು ನೋಡ್ತಿದ್ದೆಯಲ್ಲ.’

ಅವಳು ಅದನ್ನೂ ನನ್ನನ್ನೂ ನೋಡಿದಳು. ಬಾಯಿ ತೆರೆಯಿತು. ಏನೋ ತುಟಿಯವರೆಗೆ ಬಂದು ನಿಂತು ಹಿಂದೆ ಸರಿದಂತಾಯಿತು. ‘ಚೆನ್ನಾಗಿದೆ’ ಎಂದಳು. ಆಮೇಲೆ ಅದರ ಬಟ್ಟಲುಗಳನ್ನು ಒಂದೊಂದಾಗಿ ಬಿಚ್ಚಿ, ತೊಳೆದು, ಬೋರಲು ಹಾಕಿದಳು.

ಆ ಸಂಜೆ ಅವಳು ಮತ್ತೆ ಅದೇ ಅಂಗಡಿಯ ಮುಂದೆ ನಿಂತಳು. ಕ್ಯಾರಿಯರು ಮನೆಯಲ್ಲಿತ್ತು, ಆದರೂ ನಿಂತಳು. ಸ್ವಲ್ಪ ಮೇಲೆ ಹೋದ ಮೇಲೆ ಇನ್ನೊಂದು ಅಂಗಡಿಯ ಮುಂದೆ ನಿಂತಳು. ಅದು ಟ್ರಾಕ್ಟರ್ ಬಿಡಿಭಾಗಗಳ ಅಂಗಡಿ. ಗ್ರೀಸು ಮೆತ್ತಿದ ಬೇರಿಂಗುಗಳನ್ನೂ ಕಪ್ಪು ಪಟ್ಟಿಗಳನ್ನೂ ನನ್ನ ಹೆಂಡತಿ, ಬಹಳ ಬೇಕಾದವರ ಭಾವಚಿತ್ರವನ್ನು ನೋಡುವಂತೆ ನೋಡುತ್ತ ನಿಂತಿದ್ದಳು. ಅಂಗಡಿಯವನು ‘ಏನು ಬೇಕಿತ್ತಮ್ಮ?’ ಎಂದ. ‘ಏನಿಲ್ಲಪ್ಪ, ಸುಮ್ಮನೆ’ ಎಂದಳು. ಆ ‘ಸುಮ್ಮನೆ’ಯ ಎರಡು ಭಾಗಗಳ ನಡುವೆ ಒಂದು ಸಣ್ಣ ಉಸಿರು ಇತ್ತು. ವಾಪಸು ಇಳಿದು ಬರುವಾಗ ಅವಳು ಎರಡೂ ಅಂಗಡಿಗಳನ್ನು ತಿರುಗಿಯೂ ನೋಡಲಿಲ್ಲ.

ನನಗೆ ಇಷ್ಟವಾದ ಕವಿತೆಗಳಲ್ಲಿ ಕವಿ ಒಂದು ಸಾಲನ್ನು ಅರ್ಧಕ್ಕೆ ಮುರಿದು, ಉಳಿದ ಜಾಗವನ್ನು ಖಾಲಿ ಬಿಟ್ಟಿರುತ್ತಾನೆ. ಕರಡು ತಿದ್ದುವಾಗ ಆ ಖಾಲಿ ಜಾಗ ಅಚ್ಚಿನವರ ತಪ್ಪಲ್ಲವೆಂದು ಪಕ್ಕದಲ್ಲಿ ಬರೆದು ಕಳಿಸುವುದು ನನ್ನ ಕೆಲಸವಾಗಿತ್ತು. ಇಲ್ಲಿ ಮಾತ್ರ ಅವಳು ನಿಲ್ಲುವುದೆಂಬ ಖಾಲಿ ಜಾಗವನ್ನು ನಾನು ಓದದೆ, ಅದರ ಹಿಂದಿದ್ದ ಪಾತ್ರೆಯನ್ನು ಕೊಂಡುತಂದಿದ್ದೆ.

ಮರುದಿನ ಕೆರೆದಂಡೆಯ ಸಮತಟ್ಟಾದ ದಾರಿಯಲ್ಲಿ ಹೋಗೋಣವೆಂದೆ. ಅಲ್ಲಿ ಅವಳು ಎಲ್ಲಿಯೂ ನಿಲ್ಲದೆ, ತನ್ನ ತಂಗಿಯ ಮಗಳ ಹಟಮಾರಿತನದ ಕಥೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅದರ ಮರುದಿನ ನಾನು ಒಂದು ಕ್ರೂರ ಕೆಲಸ ಮಾಡಿದೆ. ಊಟವಾದ ಸ್ವಲ್ಪ ಹೊತ್ತಿಗೆ ಅವಳನ್ನು ಕೋಟೆಬೀದಿಗೆ ಕರೆದುಕೊಂಡು ಹೋಗಿ, ಎಂದಿಗಿಂತ ತುಸು ಬೇಗ ಹೆಜ್ಜೆ ಹಾಕಿದೆ. ಅವಳು ಪಾತ್ರೆಯಂಗಡಿಯನ್ನು ಮುಟ್ಟುವ ಮೊದಲೇ ಒಂದು ಖಾಲಿ ಗೋಡೆಯ ಎದುರು ನಿಂತುಬಿಟ್ಟಳು. ಆ ಗೋಡೆಯ ಮೇಲೆ ನೋಡಲು ಏನೂ ಇರಲಿಲ್ಲ. ಆದರೂ ನೋಡಿದಳು. ಹಣೆಯಲ್ಲಿ ಬೆವರು ಮೂಡಿತ್ತು. ‘ಇವತ್ತು ಯಾಕೆ ಹಾಗೆ ಓಡ್ತೀರಿ?’ ಎಂದಳು, ಮೆಲ್ಲಗೆ. ನಾನು ಅವಳ ತೋಳು ಹಿಡಿದು ಗೋಡೆಯ ಬುಡದ ಕಲ್ಲಿನ ಮೇಲೆ ಕೂರಿಸಿದೆ. ಮನೆಗೆ ಮರಳಲು ಆಟೋ ಕರೆದೆ.

ಡಾಕ್ಟರ್ ಹಾಲಪ್ಪನವರ ಎದುರು ಈ ಸಲ ನನ್ನ ಬಾಯಿಂದ ಕಿಟಕಿಯೂ ಮುಸ್ಸಂಜೆಯೂ ಬರಲಿಲ್ಲ. ‘ಏರು ಹತ್ತುವಾಗ ನಿಲ್ಲುತ್ತಾಳೆ. ಇಳಿಯುವಾಗ ನಿಲ್ಲುವುದಿಲ್ಲ. ಸಮದಾರಿಯಲ್ಲಿ ನಿಲ್ಲುವುದಿಲ್ಲ. ಊಟವಾದ ಮೇಲೆ ಬೇಗ ನಿಲ್ಲುತ್ತಾಳೆ. ಸ್ವಲ್ಪ ಹೊತ್ತು ನಿಂತರೆ ಸರಿಹೋಗುತ್ತಾಳೆ. ನಿಂತಾಗ ಏನನ್ನಾದರೂ ನೋಡುವಂತೆ ಮಾಡುತ್ತಾಳೆ, ನೋಡುವುದಿಲ್ಲ.’

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ‘ಅವರು ನಿಮಗೆ ಹೇಳಿದ್ರಾ?’

‘ಇಲ್ಲ.’

‘ಇಸಿಜಿ ಮಲಗಿಸಿ ತೆಗೆದ್ರೆ ನೆಟ್ಟಗೆ ಬರುತ್ತೆ. ನಡೆಸಿ ತೆಗೀಬೇಕಿತ್ತು’ ಎಂದು ತಮಗೆ ತಾವೇ ಹೇಳಿಕೊಂಡು, ಚೀಟಿ ಬರೆದು, ಅದೇ ಮಧ್ಯಾಹ್ನದ ಬಸ್ಸಿಗೆ ನಮ್ಮನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ಅವಳನ್ನು ಓಡುವ ಪಟ್ಟಿಯ ಮೇಲೆ ನಡೆಸಿದರು. ಅದನ್ನು ಏರುದಾರಿಯಂತೆ ಎತ್ತರಿಸುತ್ತಿದ್ದ ಹಾಗೆ, ನೆಟ್ಟಗಿದ್ದ ಇಸಿಜಿಯ ಗೆರೆ ಕೆಳಗೆ ಜಾರಿತು. ಹೃದಯದ ಒಂದು ನಾಳ ಮುಕ್ಕಾಲು ಮುಚ್ಚಿತ್ತು. ಕೈಯ ಮೂಲಕ ತಂತಿ ಕಳಿಸಿ ಸ್ಟೆಂಟ್ ಹಾಕಿದರು. ಎರಡನೆಯ ನಾಳವೊಂದು ತುದಿಯಲ್ಲಿ ಕಿರಿದಾಗಿದೆ, ಬಹಳ ಸಣ್ಣದು, ಅದಕ್ಕೆ ಸ್ಟೆಂಟ್ ಹಾಕಲಾಗುವುದಿಲ್ಲ, ಮಾತ್ರೆಯಲ್ಲಿ ನೋಡಿಕೊಳ್ಳೋಣ ಎಂದು ಆ ಆಸ್ಪತ್ರೆಯ ಡಾಕ್ಟರು ನನ್ನೊಬ್ಬನಿಗೇ ಹೇಳಿದರು. ನಮ್ಮ ಊರಿನ ರೀತಿ ಅವರಿಗೆ ತಿಳಿದಿರಲಿಲ್ಲ. ‘ಈಗ ಹೇಗಿದೆ ತಾಯಿ?’ ಎಂದು ಅವಳನ್ನೇ ಕೇಳಿ, ಅವಳು ಆಸ್ಪತ್ರೆಯ ಉಪ್ಪಿಟ್ಟಿನ ಬಗ್ಗೆ ಹೇಳಿದ್ದನ್ನು ಚೇತರಿಕೆಯ ಗುರುತೆಂದು ಬರೆದುಕೊಂಡರು.

ನಮ್ಮಲ್ಲಿ ಚೇತರಿಕೆಯ ಗುರುತು ಬೇರೆ. ನೋವು ಹೋದ ಮೇಲೆ ಅದರ ಮಾತು ಮರಳಿ ಬರುತ್ತದೆ. ಗುಣವಾದವರು ಜಗುಲಿಯ ಮೇಲೆ ಕೂತು ತಮ್ಮ ಹಳೆಯ ನೋವನ್ನು ಹೇಳಿದ್ದೇ ಹೇಳಿ ಕೇಳುವವರನ್ನು ಸುಸ್ತು ಮಾಡುತ್ತಾರೆ. ಯಾರೂ ಅಡ್ಡಿ ಮಾಡುವುದಿಲ್ಲ. ಹಾಗಾಗಿ ನಾವು ಮನೆಗೆ ಮರಳಿದಾಗ ನೋಡಲು ಬಂದವರೆಲ್ಲರೂ ಬಾಗಿಲಲ್ಲೇ ನನ್ನನ್ನು ಕೇಳಿದ್ದು ಒಂದೇ, ‘ಮಾತು ಬಂತಾ?’ ಸೆಲೀನಾ ಸಿಸ್ಟರ್ ಕಿತ್ತಳೆ ಹಣ್ಣು ಹಿಡಿದು ಬಂದವಳೂ ಅದನ್ನೇ ಕೇಳಿದಳು. ಬಂದಿರಲಿಲ್ಲ. ಮಂದಾಕಿನಿ ದೊಡ್ಡ ಆಸ್ಪತ್ರೆಯ ಲಿಫ್ಟು, ಪಕ್ಕದ ಹಾಸಿಗೆಯವಳ ಸೊಸೆ, ನಾನು ಬಸ್ಸಿನಲ್ಲಿ ಬಿಟ್ಟುಬಂದ ಛತ್ರಿ ಎಲ್ಲವನ್ನೂ ಹೇಳುತ್ತಿದ್ದಳು. ಅದೊಂದನ್ನು ಬಿಟ್ಟು. ರಿಪೋರ್ಟಿನ ಪ್ರಕಾರ ಸ್ಟೆಂಟ್ ಹಾಕಿದ ನಾಳ ಸರಿಯಾಗಿದೆ ಎಂದು ಡಾಕ್ಟರ್ ಹಾಲಪ್ಪ ಹೇಳಿದರು. ನಾನು ತಲೆಯಾಡಿಸಿದೆ. ಅವರೂ ಈ ಊರಿನವರೇ, ನನ್ನ ಮುಖವನ್ನು ನೋಡದೆ ಪುಟ ಮಗುಚಿದರು.

ನಿಧಾನವಾಗಿ ನಡೆಯಬಹುದೆಂದು ಅಪ್ಪಣೆಯಾದ ಮೇಲೆ ನಾವು ಮತ್ತೆ ಸಂಜೆ ಹೊರಟೆವು. ಕೋಟೆಬೀದಿಗೆ ಹೋಗೋಣವೆಂದವಳು ಅವಳೇ. ಪಾತ್ರೆಯಂಗಡಿ ಬಂತು, ಅವಳು ನಿಲ್ಲಲಿಲ್ಲ. ಟ್ರಾಕ್ಟರ್ ಬಿಡಿಭಾಗದವನು ನಮಸ್ಕಾರ ಹೇಳಿದ, ಅವಳು ನಡೆಯುತ್ತಲೇ ತಲೆಬಾಗಿದಳು. ನಾನು ಉಸಿರನ್ನು ಅವಳ ಹೆಜ್ಜೆಗೆ ಹೊಂದಿಸಿಕೊಂಡು ಪಕ್ಕದಲ್ಲಿದ್ದೆ. ವಾಚನಾಲಯದ ಗೇಟು ಕಾಣುವಷ್ಟು ಮೇಲೆ ಬಂದ ಮೇಲೆ ಅವಳು ನಿಂತಳು.

‘ರೀ.’

‘ಹೇಳು.’

‘ಏರು ಹತ್ತುವಾಗ ಎದೆ ಮೇಲೆ ಯಾರೋ ಅಂಗೈ ಇಟ್ಟು ಹಿಂದಕ್ಕೆ ತಳ್ಳಿದ ಹಾಗೆ ಆಗ್ತಿತ್ತು.’ ಅವಳು ತಾನು ಹೇಳುತ್ತಿರುವುದನ್ನು ತಾನೇ ಕೇಳಿಸಿಕೊಂಡು ಬೆರಗಾದಂತಿತ್ತು. ‘ಜೋರಾಗಿ ಅಲ್ಲ. ಒಲೆ ಹತ್ರ ಬರಬೇಡ ಅಂತ ಚಿಕ್ಕವಳಿದ್ದಾಗ ಅಮ್ಮ ತಳ್ತಿದ್ಲಲ್ಲ, ಹಾಗೆ. ನಿಂತರೆ ಆ ಕೈ ತೆಗೀತಿತ್ತು. ಹೊರಟ್ರೆ ಮತ್ತೆ ಇಡ್ತಿತ್ತು. ಅಯ್ಯೋ, ಹೇಳ್ತಿದ್ದೀನಲ್ರೀ! ಆಮೇಲೆ ಅದು ಹಾಗೇ ಎಡಗೈಗೆ—’

ನಿಂತಿತು. ಅವಳ ತುಟಿಗಳು ಇನ್ನೂ ಅಲುಗುತ್ತಿದ್ದವು. ಎಡಗೈಯನ್ನು ಅರ್ಧ ಎತ್ತಿ, ಅದನ್ನು ಯಾತಕ್ಕೆ ಎತ್ತಿದೆನೆಂದು ತಿಳಿಯದೆ ನೋಡಿದಳು.

‘ಬಳೆ ಸಡಿಲಾಗಿದೆ’ ಎಂದಳು.

ಇಳಿಜಾರಿನಲ್ಲಿ ಒಂದು ಸೈಕಲ್ಲು ಬೆಲ್ಲು ಹೊಡೆಯುತ್ತ ನಮ್ಮನ್ನು ದಾಟಿ ಹೋಯಿತು. ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂಬುದು ನನಗೆ ಯಾವ ರಿಪೋರ್ಟಿಗಿಂತಲೂ ಸ್ಪಷ್ಟವಾಗಿತ್ತು. ನನ್ನ ಮುಖದಿಂದ ಅದು ಅವಳಿಗೂ ತಿಳಿಯಿತೆಂದು ಕಾಣುತ್ತದೆ.

‘ಪೂರ್ತಿ ಬರಲಿಲ್ಲ, ಅಲ್ವಾ?’ ಎಂದಳು.

‘ಬಹಳಷ್ಟು ಬಂತು.’

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ‘ಇನ್ನುಳಿದದ್ದು ನೀವೇ ನೋಡ್ಕೊಳ್ಳಿ’ ಎಂದಳು, ‘ಹೇಗೂ ನೋಡ್ತಾನೇ ಇರ್ತೀರಲ್ಲ.’ ಆಮೇಲೆ ಮುಂದಕ್ಕೆ ಹೊರಟಳು, ಮೊದಲಿಗಿಂತ ತುಸು ನಿಧಾನವಾಗಿ. ನಾನೂ ಅಷ್ಟೇ ನಿಧಾನವಾಗಿ ಅವಳ ಎಡಗಡೆಗೆ ಬಂದು ನಡೆದೆ.